ಒಂದೂವರೆ ನಿಮಿಷದ ನಮ್ಮ ಶಾಲೆ

ನಾನು ಅಕ್ಷರ ಕಲಿತ ಶಾಲೆಯಲ್ಲೇ ಈಗ ನನ್ನ ಮಗಳು ಆರನೇ ತರಗತಿ ಓದುತ್ತಿದ್ದಾಳೆ. ಮಲೆನಾಡಿನ ಒಳಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದು. ನಮ್ಮ ಕಾಲಕ್ಕೆ ಒಂದೊಂದು ತರಗತಿಯಲ್ಲೂ 30 ಮಕ್ಕಳಿಗೆ ಕಡಿಮೆ ಇರಲಿಲ್ಲ. ಹೋದ ವರ್ಷ ಏಳೂ ತರಗತಿ ಸೇರಿ 41. ಬೆಳಗ್ಗೆ ಎಂಟಕ್ಕೆ ಪೇಟೆಯ ಹಳದಿ ವ್ಯಾನು ಬಂದು ಊರಿನ ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗಿಬಿಡುತ್ತದೆ.

ಬೇಸಿಗೆ ರಜೆಯಲ್ಲಿ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೊಂದು ವೆಬ್‌ಸೈಟ್ ಮಾಡೋಣ ಎಂದರು. ಬೆಂಗಳೂರಿನಲ್ಲಿರುವ ಹುಡುಗನೊಬ್ಬ ಪುಟ ಕಟ್ಟಿಕೊಟ್ಟ. “ಅಕ್ಕಾ, ಬರೀ ಫೋಟೊ ಹಾಕಿದ್ರೆ ಯಾರೂ ನಿಂತು ನೋಡಲ್ಲ. ಒಂದೂವರೆ ನಿಮಿಷದ ವಿಡಿಯೊ ಬೇಕು. ಈಗ ಎಲ್ಲ ಆನ್‌ಲೈನಲ್ಲೇ ಆಗತ್ತೆ, ನೀವೇ ಮಾಡಿ” ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದ. ನನ್ನ ಅರ್ಹತೆ ಎಂದರೆ ನೆಂಟರ ಹುಟ್ಟುಹಬ್ಬಗಳಿಗೆ ಫೋಟೊ ಜೋಡಿಸಿ, ಹಾಡು ಸೇರಿಸಿ ವಾಟ್ಸ್‌ಆ್ಯಪ್ ಸ್ಟೇಟಸ್ ಮಾಡುತ್ತಿದ್ದುದು, ಅಷ್ಟೇ.

ಇಂಥ ಆನ್‌ಲೈನ್ ಸೇವೆಗಳು ಹೊಸತೇನಲ್ಲ. ಫೋಟೊ ಕೊಟ್ಟರೆ ಬ್ರೌಸರಿನಲ್ಲೇ ವಿಡಿಯೊ ಮಾಡಿಕೊಡುವ ಅನಿಮೋಟೊ ಶುರುವಾದದ್ದು 2006ರಲ್ಲಿ. ಈಗ ಅಂಥವು ಹತ್ತಾರು ಇವೆ. ಕಂಪ್ಯೂಟರಿಗೆ ಏನನ್ನೂ ತುಂಬಿಕೊಳ್ಳಬೇಕಾಗಿಲ್ಲ. ನಮ್ಮ ಚಿತ್ರಗಳನ್ನು ಕಳಿಸಿ, ಅವರು ಮಾಡಿಟ್ಟ ಸಿದ್ಧ ಮಾದರಿಯಲ್ಲಿ ಕೂರಿಸಿದರೆ ಸಾಕು. ಕಷ್ಟದ ಲೆಕ್ಕವನ್ನೆಲ್ಲ ಎಲ್ಲೋ ದೂರದಲ್ಲಿರುವ ಅವರ ಕಂಪ್ಯೂಟರುಗಳೇ ಮಾಡುತ್ತವೆ.

ಆ ಲೆಕ್ಕ ಎಷ್ಟು ದೊಡ್ಡದು ಎಂದು ಮಗಳೂ ನಾನೂ ಒಂದು ಸಂಜೆ ಗುಣಿಸಿ ನೋಡಿದೆವು. ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ; ಅಂದರೆ ಇಪ್ಪತ್ತು ಲಕ್ಷ ದಾಟಿತು. ಚುಕ್ಕೆಯೊಂದಕ್ಕೆ ಮೂರು ಬೈಟ್, ಸೆಕೆಂಡಿಗೆ 30 ಫ್ರೇಮ್. ಒಂದೂವರೆ ನಿಮಿಷಕ್ಕೆ ಹದಿನಾರು ಜಿಬಿಗೂ ಹೆಚ್ಚು! ಆದರೆ ನಮ್ಮ ಕೈಗೆ ಬಂದ ಕಡತ 110 ಎಂಬಿ. ಗುಟ್ಟು ಇಷ್ಟೇ: ಮರದ ಮುಂದೆ ಹುಡುಗ ಓಡಿದರೆ ಪ್ರತಿ ಫ್ರೇಮಿನಲ್ಲೂ ಮರವನ್ನು ಹೊಸದಾಗಿ ಬರೆದಿಡುವುದಿಲ್ಲ, ಬದಲಾದ ಭಾಗವನ್ನಷ್ಟೇ ಬರೆದಿಡುತ್ತಾರೆ. “ಹಾಗಾದ್ರೆ ಎಲ್ಲರೂ ಸುಮ್ನೆ ಕೂತಿದ್ರೆ ವಿಡಿಯೊ ಸಣ್ಣದಾಗತ್ತೆ” ಎಂದಳು ಮಗಳು. ಮೇಷ್ಟರಿಗೆ ಹೇಳಬೇಡ ಎಂದೆ.

ಮೊದಲ ವಿಡಿಯೊ ಒಂದು ರಾತ್ರಿಯಲ್ಲೇ ಮುಗಿಯಿತು. ನಮ್ಮ ಶಾಲೆಯ ನಾಲ್ಕೇ ಫೋಟೊ ಇದ್ದದ್ದರಿಂದ ಉಳಿದ ಜಾಗಕ್ಕೆ ಆ ಸೇವೆಯವರೇ ಒದಗಿಸುವ ದೃಶ್ಯಗಳನ್ನು ತುಂಬಿದ್ದೆ. ನೀಲಿ ಕೋಟು ತೊಟ್ಟ ಮಕ್ಕಳು, ಸೂಕ್ಷ್ಮದರ್ಶಕ, ಹುಲ್ಲುಹಾಸು. ಹೆಡ್‌ಮಾಸ್ಟರು ನುಡಿಯಲ್ಲಿ ಟೈಪು ಮಾಡಿಸಿ ಕಳಿಸಿದ್ದ ಸಾಲುಗಳನ್ನು ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಯೂನಿಕೋಡಿನಲ್ಲಿ ಮತ್ತೆ ಟೈಪಿಸಿದೆ. ಆಗಲೂ ಕೆಲವು ಅಕ್ಷರಶೈಲಿಗಳಲ್ಲಿ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ಕಂಪ್ಯೂಟರಿನ ದನಿಯೋ, ‘ಸ.ಹಿ.ಪ್ರಾ. ಶಾಲೆ’ ಎಂದು ಬರೆದದ್ದನ್ನು ಹಾಗೇ ‘ಸಹಿಪ್ರಾ ಶಾಲೆ’ ಎಂದು ಗಂಭೀರವಾಗಿ ಓದಿತು.

ಆದರೂ ಚೆನ್ನಾಗಿದೆ ಎಂದೇ ಅಂದುಕೊಂಡಿದ್ದೆ. ಮಗಳು ಪೂರ್ತಿ ನೋಡಿ ಕೇಳಿದಳು: “ಅಮ್ಮಾ, ಇದು ಯಾವ ಶಾಲೆ?”

ಆಮೇಲೆ ಫೋನು ಹಿಡಿದು ಹೊರಟೆವು. ರಜೆಯಾದರೂ ಮಕ್ಕಳನ್ನು ಕರೆಸಿದರು, ಅಡುಗೆಯ ಅಕ್ಕನೂ ಬಂದರು. ಎರಡು ದಿನ ತೆಗೆದೆವು. ಫೋನನ್ನು ಅಡ್ಡಲಾಗಿ ಹಿಡಿಯಬೇಕು, ಕಿಟಕಿ ನಮ್ಮ ಬೆನ್ನಿಗಿರಬೇಕು, ಒಂದು ದೃಶ್ಯ ಮೂರು ನಾಲ್ಕು ಸೆಕೆಂಡು ಸಾಕು ಎಂಬುದೆಲ್ಲ ತಪ್ಪು ಮಾಡಿಯೇ ತಿಳಿಯಿತು. ದನಿ ಹಿಡಿಯುವುದೇ ಕಷ್ಟ. ತರಗತಿಯಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ. ಕೊನೆಗೆ ಬಿಸಿಯೂಟದ ಅಕ್ಕಿ ಮೂಟೆಗಳಿದ್ದ ದಾಸ್ತಾನು ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದೆವು. ಮೂಟೆಗಳು ಪ್ರತಿಧ್ವನಿಯನ್ನೆಲ್ಲ ನುಂಗಿಕೊಂಡವು. ಅಂಥ ಸ್ಟುಡಿಯೊ ಪೇಟೆಯಲ್ಲೂ ಸಿಗಲಿಕ್ಕಿಲ್ಲ! ಹೆಡ್‌ಮಾಸ್ಟರ ನಾಲ್ಕು ನಿಮಿಷದ ಭಾಷಣ ಒಂಬತ್ತು ಸೆಕೆಂಡಿಗೆ ಇಳಿಯಿತು. ಆ ಬೇಸರ ಅವರಿಗೆ ಇನ್ನೂ ಇದೆ.

110 ಎಂಬಿಯ ಕಡತವನ್ನು ನಮ್ಮ ಪುಟ್ಟ ವೆಬ್‌ಸೈಟಿನಲ್ಲೇ ಇಟ್ಟರೆ ಹಳ್ಳಿಯ ನೆಟ್‌ವರ್ಕಿನಲ್ಲಿ ತೆರೆಯುವುದೇ ಇಲ್ಲ. ಅದಕ್ಕೇ ಯೂಟ್ಯೂಬಿಗೆ ಏರಿಸಿ, ಹುಡುಕಿದವರಿಗೆ ಸಿಗದ ಹಾಗೆ ‘ಅನ್‌ಲಿಸ್ಟೆಡ್’ ಎಂದಿಟ್ಟು, ಪುಟದಲ್ಲಿ ಅದಕ್ಕೊಂದು ಕಿಟಕಿ ಮಾತ್ರ ತೆರೆದೆವು. ನೋಡುವವರ ನೆಟ್ಟಿಗೆ ತಕ್ಕಂತೆ ಚಿತ್ರದ ಗುಣಮಟ್ಟವನ್ನು ಹೊಂದಿಸುವ ಕೆಲಸ ಅಲ್ಲಿ ತಾನಾಗೇ ಆಗುತ್ತದೆ. ಎಸ್‌ಡಿಎಂಸಿ ಗುಂಪಿಗೂ ಲಿಂಕು ಕಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು.

ಮಾರನೇ ದಿನ ಸಂಜೆ ಒಬ್ಬ ತಾಯಿ ನಮ್ಮ ಜಗಲಿಯ ಹತ್ತಿರ ಬಂದು ನಿಂತರು. ಘಟ್ಟದ ಕೆಳಗಿನಿಂದ ಬಂದು ತೋಟದ ಕೆಲಸ ಹಿಡಿದವರು. ವರ್ಷದ ನಡುವೆ ಮಗಳನ್ನು ಶಾಲೆಗೆ ಸೇರಿಸಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಅಕ್ಕಾ, ಅದ್ರಲ್ಲಿ ನನ್ನ ಮಗಳು ಕಾಣ್ತಾಳಂತೆ.”

ಕಾಣುತ್ತಾಳೆ ಎಂದೆ, ಹೆಮ್ಮೆಯಿಂದಲೇ. ನಗುವ ಅವಳ ಮುಖವನ್ನೇ ಮೊದಲ ದೃಶ್ಯ ಮಾಡಿದ್ದೆ. ಹಿಂದೆಯೇ ಶಾಲೆಯ ಬೋರ್ಡು, ಅದರಲ್ಲಿ ಊರು, ತಾಲ್ಲೂಕು, ಜಿಲ್ಲೆ ಎಲ್ಲವೂ.

“ನಾವು ಎಲ್ಲಿದೀವಿ ಅಂತ ಅವ್ರಿಗೆ ಗೊತ್ತಾಗ್ಬಾರ್ದು” ಎಂದರು. ಅವರು ಅಂದರೆ ಯಾರೆಂದು ನಾನು ಕೇಳಲಿಲ್ಲ. ಮೊಣಕೈಯ ಹತ್ತಿರ ಹಳೆಯ ಸುಟ್ಟ ಗಾಯದ ಕಲೆಯಿತ್ತು.

ಅವರೆದುರೇ ಫೋನು ತೆಗೆದು ವಿಡಿಯೊ ಅಳಿಸಿದೆ. ನನ್ನ ಸೋಮಾರಿತನವೇ ಅವತ್ತು ಕಾಪಾಡಿತು ಅನ್ನಬೇಕು. ಕಡತ ದೊಡ್ಡದು, ಕಳಿಸಲು ಹೊತ್ತಾಗುತ್ತದೆ ಎಂದು ಗುಂಪಿಗೆ ಬರೀ ಲಿಂಕು ಕಳಿಸಿದ್ದೆ. ಮೂಲವನ್ನು ಅಳಿಸಿದರೆ ಲಿಂಕು ಒತ್ತಿದವರಿಗೆ ಏನೂ ಸಿಗದು. ಕಡತವನ್ನೇ ಕಳಿಸಿದ್ದರೆ ಅದು ಹತ್ತು ಫೋನಿಗಿಳಿದು, ಅಲ್ಲಿಂದ ನೂರು ಫೋನಿಗೆ ಹೋಗಿರುತ್ತಿತ್ತು. ವಾಪಸು ಕರೆಯುವ ದಾರಿ ಇರಲಿಲ್ಲ. ಯಾರಾದರೂ ಇಳಿಸಿಕೊಂಡಿದ್ದೀರಾ ಎಂದು ಗುಂಪಿನ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿದೆ. ಇಲ್ಲ ಎಂದರು. ಅವತ್ತು ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ ಎಂದು ಬೆಂಗಳೂರಿನ ಹುಡುಗ ಆಮೇಲೆ ಹೇಳಿದ. ಕಾನೂನು ಇರಲಿ, ನಮ್ಮೂರ ಮಕ್ಕಳು ತಾನೇ, ಕೇಳುವುದೇನಿದೆ ಎಂದುಕೊಂಡ ನನ್ನ ಸಲಿಗೆಯೇ ತಪ್ಪು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಮನೆಮನೆಗೆ ಹೋದೆ. ವಿಡಿಯೊ ಎಲ್ಲಿ ಕಾಣುತ್ತದೆ, ಯಾರೆಲ್ಲ ನೋಡಬಹುದು, ಬೇಡ ಎಂದರೆ ಯಾವಾಗ ಬೇಕಾದರೂ ತೆಗೆಯುತ್ತೇವೆ ಎಂದು. 41ರಲ್ಲಿ ಐದು ಮನೆಯವರು ಬೇಡ ಎಂದರು. ನಾಲ್ವರನ್ನು ಕಾರಣ ಕೇಳಲಿಲ್ಲ. ಐದನೆಯವರು ಒಬ್ಬ ಅಜ್ಜಿ, ದೃಷ್ಟಿಯಾಗುತ್ತದೆ ಎಂದು ತಾವಾಗೇ ಹೇಳಿದರು.

ಐದು ಮಕ್ಕಳನ್ನು ಮಾತ್ರ ದೂರ ನಿಲ್ಲಿಸಿ ಚಿತ್ರ ತೆಗೆಯುವುದು ಹೇಗೆ? ಮಕ್ಕಳಿಗೆ ಅದು ತಿಳಿಯದೇ ಇರುತ್ತದೆಯೇ? ಯೋಚಿಸಿ ಯೋಚಿಸಿ, ಯಾರ ಮುಖವೂ ಬೇಡ ಎಂದು ತೀರ್ಮಾನಿಸಿದೆವು. ಮೂರನೇ ವಿಡಿಯೊದಲ್ಲಿ ಬರೀ ಕೈಗಳು, ಕಾಲುಗಳು, ಬೆನ್ನುಗಳು. ನಲಿ-ಕಲಿ ಕಾರ್ಡು ಜೋಡಿಸುವ ಬೆರಳು, ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ, ಸಾಂಬಾರಿನ ಆವಿಯಲ್ಲಿ ಅಡುಗೆಯ ಅಕ್ಕನ ಸೌಟು, ಬಸಳೆ ಚಪ್ಪರಕ್ಕೆ ನೀರು ಹಾಕುವ ಚೊಂಬು. ಹಿನ್ನೆಲೆಗೆ ಮಕ್ಕಳೇ ಬರೆದ ಮಾತುಗಳು, ಮನೆಯವರು ಒಪ್ಪಿದವರ ದನಿಯಲ್ಲಿ. ಸದ್ದು ಹಾಕದೆ ನೋಡುವವರಿಗಾಗಿ ಕೆಳಗೆ ಅಕ್ಷರ. ಫೋನಿನ ವಿಡಿಯೊದಲ್ಲಿ ತೆಗೆದ ಜಾಗದ ಗುರುತೂ ಅಡಗಿರಬಹುದು ಎಂದು ತಿಳಿದ ಮೇಲೆ ಕ್ಯಾಮೆರಾದ ಆ ಆಯ್ಕೆಯನ್ನೂ ಮುಚ್ಚಿದ್ದೆ.

ಮೊದಲು ಈ ಕೈಗಳ ಪಟ್ಟಿಯನ್ನು ಹಿಡಿದುಕೊಂಡು ಆ ತಾಯಿಯ ಹತ್ತಿರ ಹೋಗಿದ್ದೆ. ಬಹಳ ಹೊತ್ತು ಸುಮ್ಮನಿದ್ದು, “ಕೈ ಆದ್ರೆ ಆಗ್ಲಿ” ಎಂದರು. ಎಲ್ಲ ಮುಗಿದ ಮೇಲೆ ಅವರಿಗೇ ಮೊದಲು ತೋರಿಸಿದೆ. ಎರಡು ಸಲ ನೋಡಿ, ತಲೆಯಾಡಿಸಿ ಹೋದರು.

ಈ ಸಲ ಒಂದನೇ ತರಗತಿಗೆ ಏಳು ಮಕ್ಕಳು ಸೇರಿದ್ದಾರೆ, ಹೋದ ವರ್ಷ ನಾಲ್ಕು. ವಿಡಿಯೊ ನೋಡಿ ಬಂದೆ ಎಂದವರು ಒಬ್ಬರೇ. ವ್ಯಾನಿನ ಬಾಡಿಗೆ ಹೆಚ್ಚಾಯಿತು ಎಂದವರು ಇಬ್ಬರು. ಉಳಿದವರು ಏನೂ ಹೇಳಲಿಲ್ಲ.

ಶಾಲೆ ಶುರುವಾದ ವಾರ ದೊಡ್ಡ ಕೋಣೆಯಲ್ಲಿ ಎಲ್ಲರಿಗೂ ವಿಡಿಯೊ ತೋರಿಸಿದೆವು. ಇದು ನಂದು, ಅದು ನಿಂದು ಎಂದು ಗುಲ್ಲೋ ಗುಲ್ಲು. ಆ ಪುಟ್ಟ ಹುಡುಗಿ ಮಾತ್ರ ಏನೂ ಹೇಳಲಿಲ್ಲ. ತನ್ನ ಕೈ ಬಂದಾಗ ಪಕ್ಕದ ಗೆಳತಿಯನ್ನು ಚಿವುಟಿದಳು, ಅಷ್ಟೇ.