ವರ್ಷವೆಲ್ಲಾ ನಮ್ಮ ಹೊಲಗಳಲ್ಲಿರುವ ಹಕ್ಕಿಗಳು

ಮೈಸೂರು ಸೀಮೆಯ ಕೆರೆಗಳಿಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಬಾತುಗಳು ಬರುವುದುಂಟು. ಅವು ನೆಂಟರು, ಬೇಸಗೆ ಬರುತ್ತಲೇ ಹೊರಟುಹೋಗುತ್ತವೆ. ಹನ್ನೆರಡು ತಿಂಗಳೂ ಹೊಲದಲ್ಲಿಯೇ ಇದ್ದು ಮನೆಯವರಂತೆ ದುಡಿಯುವ ಹಕ್ಕಿಗಳು ಬೇರೆ. ಅವುಗಳ ವಿಚಾರವಾಗಿ ರೈತ ಬಾಂಧವರಿಗೆ ಎರಡು ಮಾತು ಹೇಳುವುದು ಅವಶ್ಯವಾಗಿದೆ.

ಉಳುವಾಗ ಮೇಲಕ್ಕೆ ಬರುವ ಗೊಣ್ಣೆಹುಳುಗಳನ್ನು ಗೊರವಂಕವೂ ಬೆಳ್ಳಕ್ಕಿಯೂ ಹಿಂದೆಯೇ ಬಂದು ಹೆಕ್ಕುತ್ತವೆ. ಕವಲುಬಾಲದ ಕಾಜಾಣವು ದನದ ಬೆನ್ನೇರಿ ಕುಳಿತು, ಹುಲ್ಲಿನಿಂದೇಳುವ ಮಿಡತೆಗಳನ್ನು ಹಿಡಿಯುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠಕ್ಕೆ ಜೀರುಂಡೆ, ಮಿಡತೆಗಳೇ ಮುಖ್ಯ ಆಹಾರ. ಗೀಜಗವು ಕಾಳು ತಿನ್ನುವುದು ನಿಜ. ಆದರೆ ಮರಿಗಳಿಗೆ ಹುಳುಗಳನ್ನೂ ತಂದುಣಿಸುತ್ತದೆ.

ಒಂದು ಕಾರ್ತಿಕ ಮಾಸದಲ್ಲಿ ನಾನು ತಪಾಸಣೆಗೆ ಹೋದ ಗ್ರಾಮದಲ್ಲಿ, ಗಿಣಿಗಳು ಮುಸುಕಿನ ಜೋಳವನ್ನು ಹಾಳುಮಾಡಿದುವೆಂದು ರೈತರೊಬ್ಬರು ಬದುವಿನ ಹಳೆಯ ಬೇವಿನ ಮರವನ್ನು ಕಡಿಸಲು ಆಳುಗಳನ್ನು ಕರೆತಂದಿದ್ದರು. ಅವರ ನಷ್ಟವು ಸುಳ್ಳಾಗಿರಲಿಲ್ಲ. ಆದರೆ ಆ ಮರದ ಪೊಟರೆಯೊಂದರಲ್ಲಿ, ಬುಡುಬುಡಿಕೆಯವರು ಶಕುನ ಹೇಳುವ ಹಾಲಕ್ಕಿಯ ಜೋಡಿ ವಾಸವಾಗಿತ್ತು. ಬುಡದಲ್ಲಿ ಅವು ಉಗುಳಿದ್ದ ಉಂಡೆಗಳನ್ನು ಒಡೆದು ತೋರಿಸಿದೆನು. ಒಳಗೆ ಜೀರುಂಡೆಯ ರೆಕ್ಕೆಚಿಪ್ಪುಗಳೂ ಇಲಿಯ ಎಲುಬುಗಳೂ ಇದ್ದುವು. "ಸ್ವಾಮಿ, ಇಷ್ಟು ದಿನ ಇದನ್ನು ಅಪಶಕುನವೆಂದು ಓಡಿಸುತ್ತಿದ್ದೆವಲ್ಲಾ!" ಎಂದು ಅವರು ಆಳುಗಳನ್ನು ಹಿಂದಕ್ಕೆ ಕಳುಹಿಸಿದರು. ಗಿಣಿಗಳಿಗಾಗಿ, ತೆನೆ ಬಲಿಯುವ ದಿನಗಳಲ್ಲಿ ಬೆಳಗೂ ಸಂಜೆಯೂ ಕಾವಲಿಡುವುದೆಂದು ನಿಶ್ಚಯವಾಯಿತು.

ನೀಲಕಂಠಕ್ಕೂ ಹಾಲಕ್ಕಿಗೂ ಮರಿಮಾಡಲು ಪೊಟರೆ ಬೇಕು. ಎಳೆಯ ಸಸಿಯಲ್ಲಿ ಪೊಟರೆ ಇರುವುದಿಲ್ಲ. ಹಳೆಯ ಮರವೊಂದು ಬಿದ್ದರೆ, ನೆಟ್ಟ ಸಸಿಯು ಆ ಸ್ಥಾನವನ್ನು ತುಂಬಲು ಹಲವು ದಶಕಗಳು ಬೇಕು.

ಆದಕಾರಣ ರೈತರು ಅನುಸರಿಸತಕ್ಕ ಕ್ರಮಗಳು ಇವು:

1. ಬದುವಿನ ಪೊಟರೆಮರಗಳನ್ನು ಉಳಿಸತಕ್ಕದ್ದು.

2. ತೊಗರಿ, ಅವರೆ, ಕಡಲೆ ಪೈರುಗಳಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲುಗಳನ್ನು ಎಕರೆಗೆ 20ರಂತೆ, ಪೈರಿಗಿಂತ ಎತ್ತರವಾಗಿ ನೆಡತಕ್ಕದ್ದು. ಕಾಜಾಣಗಳು ಅದರ ಮೇಲೆ ಕುಳಿತು ಕಾಯಿಕೊರಕ ಹುಳುಗಳನ್ನು ಹಿಡಿಯುತ್ತವೆ. ಜೊತೆಯಲ್ಲಿ ರಾಗಿ ಅಥವಾ ಜೋಳವಿದ್ದರೆ, ಕಾಳುಕಟ್ಟುವ ಮೊದಲು ಕೋಲುಗಳನ್ನು ಕೀಳಬೇಕು. ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳಿಗೇ ಆಸನ ಹಾಕಿಕೊಟ್ಟಂತಾಗುವುದು.

3. ಇಲಿಪಾಷಾಣವಿಟ್ಟಲ್ಲಿ ಸತ್ತ ಇಲಿಗಳನ್ನು ಕೂಡಲೆ ಆಳವಾಗಿ ಹೂಳಬೇಕು. ಅವನ್ನು ತಿಂದ ಗೂಬೆಗಳೂ ಸಾಯುವ ಸಂಭವವುಂಟು.

ಕೂಲಿ ಕೇಳದೆ ವರ್ಷವೆಲ್ಲಾ ದುಡಿಯುವ ಈ ಆಳುಗಳಿಗೆ ಇರಲು ಒಂದು ಮರವನ್ನಾದರೂ ಉಳಿಸಿಕೊಡುವುದು ನಮ್ಮ ಲಾಭವೂ ಹೌದು, ಧರ್ಮವೂ ಹೌದು.