ಬೀಗ ಹಾಕಿದರಷ್ಟೇ ಸುರಕ್ಷೆಯೇ?

2001ರ ಆಗಸ್ಟ್ 6ರ ಬೆಳಗಿನ ಜಾವ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರು ಎದ್ದು ಓಡಲಾಗಲಿಲ್ಲ. 28 ಮಂದಿ ಸತ್ತರು. ದರ್ಗಾದ ಊರಿನಲ್ಲಿ ಗುಣವಾದೀತೆಂದು ನಂಬಿ ಮನೆಯವರು ಅವರನ್ನು ಅಲ್ಲಿ ಬಿಟ್ಟಿದ್ದರು. ತಪ್ಪಿಸಿಕೊಂಡು ಹೋಗದಿರಲೆಂದು ತೊಡಿಸಿದ ಸರಪಳಿಯೇ ಪ್ರಾಣಕ್ಕೆ ಎರವಾಯಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಸುರಕ್ಷೆ ಎಂದರೇನು? ಆಡಳಿತಕ್ಕೆ ಅದು ಬೀಗ, ಕಾವಲು, ಕಿಟಕಿಯ ಸರಳು. ರೋಗಿಯ ಉತ್ತರವೇ ಬೇರೆ. ನುಂಗುವ ಮಾತ್ರೆ ಯಾವುದು, ಏಕೆ ಎಂದು ಯಾರಾದರೂ ಹೇಳಬೇಕು. ರಾತ್ರಿ ಹೆದರಿ ಕೂಗಿದರೆ ಬರುವವರಿರಬೇಕು. 'ಹೊಡೆದರು' ಎಂದು ಅತ್ತರೆ, ಕಾಯಿಲೆಯವರ ಮಾತೆಂದು ತಳ್ಳಿಹಾಕಬಾರದು.

ಮನೆಯವರದು ಮೂರನೆಯ ನೋಟ. ಮಗಳು ನಿದ್ದೆಗೆಟ್ಟಿದ್ದಾಳೆ, ಪುಸ್ತಕ ಮುಟ್ಟುತ್ತಿಲ್ಲ ಎಂಬುದು ಮೊದಲು ಕಾಣುವುದು ತಾಯಿಗೆ. ಆ ಮಾತನ್ನು ವೈದ್ಯರು ಕಿವಿಗೊಟ್ಟು ಕೇಳಬೇಕು. ಮನೆಗೆ ಕಳುಹಿಸುವ ದಿನ, ಮುಂದೆ ಏನನ್ನು ಗಮನಿಸಬೇಕು, ಯಾರ ಬಳಿ ಬರಬೇಕು ಎಂದು ತಿಳಿಸಬೇಕು.

ಈ ಅಪೇಕ್ಷೆಗಳಲ್ಲಿ ಹಲವಕ್ಕೆ ಈಗ ಕಾನೂನಿನ ಬಲವಿದೆ. 2018ರಲ್ಲಿ ಜಾರಿಗೆ ಬಂದ 'ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017' ಸರಪಳಿ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ನೀಡುವಂತಿಲ್ಲ. ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದಕ್ಕೆ ಮನೋವೈದ್ಯರ ಒಪ್ಪಿಗೆ ಬೇಕು. ಏಕೆ ಕಟ್ಟಿದರು, ಎಷ್ಟು ಹೊತ್ತು ಎಂಬುದು ದಾಖಲಾಗಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆಂದಾಗಲಿ, ಸಿಬ್ಬಂದಿ ಕಡಿಮೆಯೆಂದಾಗಲಿ ಕಟ್ಟುವಂತಿಲ್ಲ.

ಹದಿನೆಂಟು ತುಂಬದ ಮಕ್ಕಳನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇರಿಸಬೇಕು. ಅವರು ಒಳರೋಗಿಯಾಗಿರುವಷ್ಟು ದಿನವೂ ಪ್ರತಿನಿಧಿ ಅಥವಾ ಅವರು ನೇಮಿಸಿದ ಸಹಾಯಕರು ಜೊತೆಗಿರಬೇಕು. ಸಾಮಾನ್ಯವಾಗಿ ಹೆತ್ತವರೇ ಆ ಪ್ರತಿನಿಧಿ. ಹದಿನೆಂಟು ದಾಟಿದ ವಿದ್ಯಾರ್ಥಿ ತನ್ನ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳಬಹುದು. ಹಕ್ಕುಗಳಿಗೆ ಚ್ಯುತಿ ಬಂದರೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ದೂರು ಕೊಡಬಹುದು.

ಹೆದರಿಕೆಯಿಂದ ಚಿಕಿತ್ಸೆಯನ್ನೇ ಮುಂದೂಡುವುದು ಜಾಣತನವಲ್ಲ. ಯಾರನ್ನು ಕೇಳುವುದೆಂದು ತೋಚದಿದ್ದರೆ, 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಾಸ್ಟೆಲಿನಿಂದ ಮಗನನ್ನು ಕರೆತಂದು ವಾರ್ಡಿಗೆ ಸೇರಿಸುವ ತಂದೆ 'ಬಾಗಿಲು ಭದ್ರವಾಗಿದೆಯೇ?' ಎಂದು ಕೇಳುವುದು ಸಹಜ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: 'ನನ್ನ ಮಗ ಕರೆದರೆ ಯಾರು ಬರುತ್ತಾರೆ?'