ಈಸೂರಿನ ಅಮಲ್ದಾರ ಒಬ್ಬ ಹುಡುಗ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮಗೆ ಮೈಸೂರು ಸಂಸ್ಥಾನ ಅಂದ ಕೂಡಲೇ ನೆನಪಾಗೋದು ಅರಮನೆ, ದಸರಾ, ಅಂಬಾರಿ. ಆದ್ರೆ ಅದೇ ಸಂಸ್ಥಾನದ ಇನ್ನೊಂದು ತುದೀಲಿ ಒಂದು ಸಣ್ಣ ಹಳ್ಳಿ ಸರ್ಕಾರಕ್ಕೇ "ಒಳಗೆ ಬರಬೇಡ" ಅಂದಿತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು.

1942. ಎರಡನೇ ಮಹಾಯುದ್ಧ. ಸಿಂಗಪುರ ಬಿದ್ದಿತ್ತು, ರಂಗೂನೂ ಜಪಾನಿನ ಕೈಸೇರಿತ್ತು. ಆಗಸ್ಟ್‌ನಲ್ಲಿ ಗಾಂಧೀಜಿ 'ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ' ಅಂದ್ರು.

ಈಸೂರಿನವರು ಅದನ್ನ ಅಕ್ಷರಶಃ ತಗೊಂಡ್ರು. ಕಂದಾಯ ಕಟ್ಟಲ್ಲ ಅಂದ್ರು. ಸೆಪ್ಟೆಂಬರ್ ಕೊನೇಲಿ ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿತು. ತಮ್ಮದೇ ಸರ್ಕಾರನೂ ಮಾಡಿಕೊಂಡ್ರು: ಜಯಣ್ಣ ಅಮಲ್ದಾರ (ಅಂದ್ರೆ ಈಗಿನ ತಹಸೀಲ್ದಾರ), ಮಲ್ಲಪ್ಪ ಸಬ್ ಇನ್‌ಸ್ಪೆಕ್ಟರ್. ಇಬ್ಬರೂ ಹುಡುಗರು! ಮಕ್ಕಳನ್ನ ಜೈಲಿಗೆ ಹಾಕೋಕಾಗಲ್ಲ ಅನ್ನೋ ಹಿರಿಯರ ಲೆಕ್ಕಾಚಾರ. ಕಿಲಾಡಿಗಳೇ ಸರಿ.

ಸೆಪ್ಟೆಂಬರ್ 28. ನಿಜವಾದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರು ಪೊಲೀಸರ ಜೊತೆ ಬಂದ್ರು. ಊರಿನವರ ಷರತ್ತು ಒಂದೇ, ಗಾಂಧಿ ಟೋಪಿ ಹಾಕ್ಕೊಳ್ಳಿ. ಆ ಒಂದು ಬಿಳಿ ಟೋಪಿಗೆ ಶುರುವಾದ ಜಟಾಪಟಿ ಲಾಠಿಗೆ, ಗುಂಡಿಗೆ ಹೋಯ್ತು. ರೊಚ್ಚಿಗೆದ್ದ ಜನರ ಕೈಲಿ ಇಬ್ಬರು ಅಧಿಕಾರಿಗಳೂ ಸತ್ತರು. ಅವರೂ ಕನ್ನಡದವರೇ, ಹೊಟ್ಟೆಪಾಡಿಗೆ ನೌಕರಿ ಮಾಡ್ತಿದ್ದವರು. ಇದನ್ನ ಮುಚ್ಚಿಟ್ಟು ಕಥೆ ಹೇಳೋದು ನನಗೆ ಸರಿ ಕಾಣಲ್ಲ.

ಆಮೇಲೆ ಸೈನ್ಯ ನುಗ್ಗಿತು. ಜನ ಕಾಡಿಗೆ ಓಡಿದ್ರು. ಮನೆಗಳು ಲೂಟಿಯಾದವು, ಸುಟ್ಟವು.

ಅಧಿಕಾರಿಗಳ ಕೊಲೆ ಕೇಸಿನಲ್ಲಿ 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲು: ಗುರಪ್ಪ, ಮಲ್ಲಪ್ಪ (ಆ ಹುಡುಗ ಅಲ್ಲ, ಬೇರೆಯವರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ನೇಣಿಗೇರಿಸಿದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಈಗ ಅದೇ ಜಾಗಕ್ಕೆ ಫ್ರೀಡಂ ಪಾರ್ಕ್ ಅಂತಾರೆ.